ಬಿಕ್ಕುನಂಟು

ಬಿಕ್ಕುನಂಟು ಎಂಬ ಮಾತು ಎಲ್ಲಿಂದ ಬಂತೆಂದು ಕೇಳಿಕೊಂಡು ಹೊರಗಿನಿಂದ ಬಂದ ಪಂಡಿತರು ನಮ್ಮೂರ ಲಾಡ್ಜಿನಲ್ಲಿ ಎರಡೆರಡು ದಿನ ಉಳಿದು, ಸೊಳ್ಳೆ ಕಚ್ಚಿಸಿಕೊಂಡು, ತಲೆಗೊಂದು ಕಥೆ ಕಟ್ಟಿಕೊಂಡು ಹೋಗಿದ್ದಾರೆ. ಒಬ್ಬರು ಅದು ಭಿಕ್ಷುಗಳ ನಂಟಸ್ತಿಕೆ ಎಂದರು. ನಮ್ಮೂರಿಗೆ ಭಿಕ್ಷುಗಳು ಬಂದದ್ದಿಲ್ಲ, ಬಂದಿದ್ದರೂ ಯಾರೂ ಅನ್ನ ಹಾಕುತ್ತಿರಲಿಲ್ಲ. ಇನ್ನೊಬ್ಬರು ಎಂಟುನೂರು ವರ್ಷದ ಹಿಂದಿನ ಶಾಸನದಲ್ಲಿ ಆ ಮಾತಿದೆ ಎಂದರು. ಆ ಶಾಸನ ನಮ್ಮ ಹಳ್ಳದ ದಂಡೆಯಲ್ಲಿ ಬಟ್ಟೆ ಒಗೆಯುವ ಕಲ್ಲಾಗಿ, ಅದರ ಅಕ್ಷರಗಳೆಲ್ಲ ಯಾರ್ಯಾರದೋ ಪಂಚೆಗೆ ಅಂಟಿಕೊಂಡು ಹೋಗಿ ಬಹಳ ಕಾಲವಾಗಿದೆ. ನಿಜ ಹೇಳಬೇಕೆಂದರೆ ಆ ಮಾತಿಗೆ ಈಗ ಬರೀ ಎಂಟು ವರ್ಷ. ಅದು ಹುಟ್ಟಿದಾಗ ನಾನು ಅಲ್ಲೇ ಇದ್ದೆ. ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮನಸ್ಸಿನಲ್ಲಿ ಹದಿಮೂರರ ಮಗ್ಗಿ ಹೇಳಿಕೊಳ್ಳುತ್ತಿದ್ದೆ.

ನಮ್ಮೂರಲ್ಲಿ ಇಬ್ಬರು ಕೂಡಿ ಒಂದು ತಪ್ಪು ಮಾಡಿದರೆ, ಮುಂದೆಂದಾದರೂ ಅವರಲ್ಲೊಬ್ಬ ಅದನ್ನು ನೆನೆದಾಗ ಇನ್ನೊಬ್ಬನಿಗೆ ಬಿಕ್ಕಳಿಕೆ ಬರುತ್ತದೆ. ಮೂವರಾದರೆ ಉಳಿದಿಬ್ಬರಿಗೆ. ಮಾಡಿದವನು, ಮಾಡಿಸಿದವನು, ನೋಡಿಯೂ ಸುಮ್ಮನಿದ್ದವನು ಎಂದು ಬಿಕ್ಕಳಿಕೆ ಭೇದ ಮಾಡುವುದಿಲ್ಲ. ನೀರು ಕುಡಿದರೆ, ಸಕ್ಕರೆ ಚೀಪಿದರೆ, ಮೂಗು ಹಿಡಿದು ಏಳು ಎಣಿಸಿದರೆ ಅದು ನಿಲ್ಲುವುದಿಲ್ಲ. ಅತ್ತ ನೆನೆಯುವವನು ನೆನೆಯುವುದನ್ನು ನಿಲ್ಲಿಸಬೇಕು. ಒಬ್ಬನೇ ಮಾಡಿದ ತಪ್ಪಿಗೆ ಈ ಕಾಟವಿಲ್ಲ. ಹಾಗಾಗಿ ನಮ್ಮೂರ ಕಳ್ಳರು ಒಬ್ಬೊಬ್ಬರೇ ಹೋಗುತ್ತಾರೆ. ಬೀರುವಿನಂಥ ಭಾರದ ವಸ್ತು ಕದಿಯುವ ಪದ್ಧತಿ ಇಲ್ಲಿ ಬೆಳೆಯಲೇ ಇಲ್ಲ. ಪುರಸಭೆಯ ಸದಸ್ಯರು ಸಭೆಯಲ್ಲಿ ಏನನ್ನೂ ಯೋಚಿಸದೆ ಕೂರುವುದನ್ನು ಕಲಿತಿದ್ದಾರೆ. ಹೊರಗಿನವರು ಅದನ್ನು ದಡ್ಡತನ ಅಂದುಕೊಳ್ಳುತ್ತಾರೆ. ಅದು ವರ್ಷಗಟ್ಟಲೆಯ ಸಾಧನೆ. ಇಷ್ಟೆಲ್ಲ ಇದ್ದೂ ಇದಕ್ಕೊಂದು ಹೆಸರಿರಲಿಲ್ಲ. ‘ಅದು’ ಎನ್ನುತ್ತಿದ್ದೆವು. ‘ಅವನಿಗೂ ಇವನಿಗೂ ಅದು ಐತಂತೆ’ ಎಂದರೆ ಎಲ್ಲರಿಗೂ ತಿಳಿಯುತ್ತಿತ್ತು, ಯಾರೂ ಮುಂದೆ ಕೇಳುತ್ತಿರಲಿಲ್ಲ.

ಮದುವೆಗೆ ಮುಂಚೆ ನಮ್ಮಲ್ಲಿ ಜಾತಕ ನೋಡುವುದಿಲ್ಲ, ಬಟ್ಟಲು ಬಿಡುತ್ತಾರೆ. ತಳದಲ್ಲಿ ಸೂಜಿಯಷ್ಟು ತೂತಿರುವ ತಾಮ್ರದ ಬಟ್ಟಲನ್ನು ನೀರು ತುಂಬಿದ ಕೊಪ್ಪರಿಗೆಯಲ್ಲಿ ತೇಲಿಬಿಟ್ಟರೆ, ಅದು ಮೆಲ್ಲಗೆ ತುಂಬಿಕೊಂಡು ಮುಳುಗಲು ಎರಡು ಸಲ ಎಲೆಅಡಿಕೆ ಹಾಕುವಷ್ಟು ಹೊತ್ತು ಬೇಕು. ಅಷ್ಟು ಹೊತ್ತು ಗಂಡು ಮಣೆಯ ಮೇಲೆ ಕೂತು ತನ್ನ ಹಳೆಯ ತಪ್ಪುಗಳನ್ನು ನೆನೆಯಬೇಕು. ಊರವರು ಸುತ್ತ ಕೂತಿರಬೇಕು. ಯಾರಿಗಾದರೂ ಬಿಕ್ಕಳಿಕೆ ಬಂತೋ, ಗಂಡೂ ಆ ಮನುಷ್ಯನೂ ಎದ್ದು ನಿಂತು, ಕೂಡಿ ಮಾಡಿದ್ದೇನೆಂದು ಎಲ್ಲರೆದುರು ಹೇಳಬೇಕು. ಕೇಳಿದ ಮೇಲೆ ಮದುವೆಯಾಗುವುದು ಬಿಡುವುದು ಹೆಣ್ಣಿನ ಕಡೆಯವರಿಗೆ ಸೇರಿದ್ದು. ಸಾಧಾರಣವಾಗಿ ಕದ್ದ ಮಾವಿನಕಾಯಿ, ಪರೀಕ್ಷೆಯಲ್ಲಿ ದಾಟಿಸಿದ ಚೀಟಿ ಇಂಥವೇ ಹೊರಬರುತ್ತಿದ್ದವು. ಒಮ್ಮೆ ಮಾತ್ರ ಗಂಡು ಕಣ್ಣು ಮುಚ್ಚಿದ ಕೂಡಲೇ ಹೆಣ್ಣಿನ ಚಿಕ್ಕಮ್ಮನಿಗೆ ಬಿಕ್ಕಳಿಕೆ ಹತ್ತಿಕೊಂಡು, ಚಪ್ಪರದ ಗೂಟಗಳನ್ನು ಅವತ್ತೇ ಕಿತ್ತರು.

ಬಟ್ಟಲು ಬಿಡುವ ಹಕ್ಕು ಅರಸವ್ವನದು. ಎಪ್ಪತ್ತು ವರ್ಷದಲ್ಲಿ ಒಂದೇ ಒಂದು ಬಿಕ್ಕಳಿಕೆ ಬಂದವಳಲ್ಲ. ಅಂಥವರು ಊರಿಗೊಬ್ಬರಿರುವುದು ಒಳ್ಳೆಯದು. ಇಬ್ಬರಿದ್ದರೆ ಉಳಿದವರು ಬಾಳುವುದು ಕಷ್ಟ. ಶಾಸ್ತ್ರಕ್ಕೆ ಹೊಟ್ಟೆನೋವೆಂದು ತಪ್ಪಿಸಿಕೊಂಡವನ ಮನೆಗೆ ಅವಳು ಬಟ್ಟಲು ಹಿಡಿದುಕೊಂಡೇ ಹೋಗುತ್ತಿದ್ದಳು. ಅವಳ ಮನೆಯಲ್ಲಿ ಅವಳಲ್ಲದೆ ಇನ್ನೂ ಮೂರು ಜೀವಗಳಿದ್ದವು: ತಂದೆತಾಯಿ ಇಲ್ಲದ ಮೊಮ್ಮಗಳು ಹೇಮಾಕ್ಷಿ, ಹಗ್ಗ ಹೊಸೆಯುವ ತಮ್ಮ ಕೆಂಗಪ್ಪ, ಮತ್ತು ಸುಬೇದಾರ. ಸುಬೇದಾರ ಒಂದು ಟಗರು. ಎಡಗೊಂಬು ಅರ್ಧಕ್ಕೆ ಮುರಿದಿತ್ತು, ಕೊರಳಲ್ಲಿ ಹಿತ್ತಾಳೆಯ ಗಂಟೆಯಿತ್ತು. ಬಜಾರದಲ್ಲಿ ಯಾವ ಅಂಗಡಿಯ ಮುಂದೆ ನಿಂತರೂ ಒಂದು ಹಿಡಿ ಕಡಲೆ ವಸೂಲಾಗುವವರೆಗೆ ಕದಲುತ್ತಿರಲಿಲ್ಲ. ಹೆಸರು ಬಂದದ್ದೇ ಹಾಗೆ.

ನಾನು ಆಗ ಸಾಂಬಯ್ಯ ಮಾಸ್ತರ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುತ್ತಿದ್ದೆ. ಈಗಲೂ ಅದೇ ಕೆಲಸ. ಮಾಸ್ತರು ಲಗ್ನಪತ್ರಿಕೆ, ತಿಥಿಕಾರ್ಡು ಅಚ್ಚು ಹಾಕಿ ಹೊಟ್ಟೆ ಹೊರೆದುಕೊಂಡು, ಉಳಿದ ಆಯುಷ್ಯವನ್ನೆಲ್ಲ ಊರಿನದೇ ಆದ ಒಂದು ನಿಘಂಟಿಗೆ ಸುರಿದಿದ್ದರು. ಒಂದೊಂದು ಅಕ್ಷರ ಮುಗಿದಾಗಲೂ ಊರಿಗೆ ಊಟ ಹಾಕುತ್ತಿದ್ದರು. ‘ಞ’ ಒಂದೇ ದಿನದಲ್ಲಿ ಮುಗಿದು, ಆ ಊಟಕ್ಕೆ ಬರೀ ಅವಲಕ್ಕಿ ಇತ್ತು. ‘ಪ’ ಮಾತ್ರ ಮೂರು ವರ್ಷ ತಿಂದಿತು. ಅದು ಮುಗಿದು, ನಾಳೆ ಊಟ ಎಂಬ ದಿನ ಬೆಳಿಗ್ಗೆ ಸುಬೇದಾರ ಪ್ರೆಸ್ಸಿನ ಕಿಟಕಿಗೆ ತಲೆ ಹಾಕಿ, ಒಳಗೆ ಒಣಗಲು ಇಟ್ಟಿದ್ದ ಹಾಳೆಗಳಲ್ಲಿ ‘ಪಾಪ’ದಿಂದ ‘ಪುಣ್ಯ’ದವರೆಗೆ ತಿಂದುಹಾಕಿತು.

ಮಾಸ್ತರು ಬಂದು ನೋಡಿದರು. ಸುಬೇದಾರ ಅವರನ್ನೇ ನೋಡುತ್ತ ಕೊನೆಯ ತುಂಡನ್ನು ಅಗಿಯುತ್ತಿತ್ತು.

‘ಓಂಕಾರಿ,’ ಎಂದರು ಮಾಸ್ತರು, ಬಹಳ ಶಾಂತವಾಗಿ. ‘ನಾಳೆ ಊಟಕ್ಕೆ ಕುರಿ ಗೊತ್ತು ಮಾಡಿದೆಯಾ?’

‘ಇನ್ನೂ ಇಲ್ಲ ಸಾರ್. ಕುರಿಯವರು ಹಳ್ಳ ದಾಟಿ ಹೋಗಿದಾರೆ.’

‘ಆ ಹಗ್ಗ ತಗೊ.’

ನಾನು ತೆಗೆದುಕೊಂಡೆ. ಇಷ್ಟೇ ನನ್ನ ಪಾಲು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಹಗ್ಗ ಹಿಡಿದದ್ದು. ಹತ್ತೊಂಬತ್ತು ವರ್ಷದವನಿಗೆ ಕೆಲಸ ಕೊಟ್ಟ ಯಜಮಾನ ಹಗ್ಗ ಹಿಡಿ ಎಂದರೆ ಹಿಡಿಯುವುದೇ. ಆ ಹಗ್ಗವನ್ನು ಹೊಸೆದದ್ದೂ ಕೆಂಗಪ್ಪನೇ, ಬಹಳ ಗಟ್ಟಿಯಾಗಿತ್ತು.

ಅರಸವ್ವ ಆ ಎರಡು ದಿನ ಪಕ್ಕದೂರಿನ ಯಾವುದೋ ಮದುವೆಗೆ ಬಟ್ಟಲು ಬಿಡಲು ಹೋಗಿದ್ದಳು. ಕೆಂಗಪ್ಪ ನಾರು ತರಲು ಹೋಗಿದ್ದ. ಊರೆಲ್ಲ ಪ್ರೆಸ್ಸಿನ ಹಿತ್ತಲಲ್ಲಿ ಎಲೆ ಹಾಕಿಕೊಂಡು ಕೂತಿತು. ಬಡಿಸಿದ ಕೂಡಲೇ ಎಲ್ಲರಿಗೂ ಗೊತ್ತಾಯಿತು. ಊರ ಕಡಲೆಯನ್ನೆಲ್ಲ ತಿಂದು ಬೆಳೆದ ಮಾಂಸ ಬೇರೆಯೇ ಇರುತ್ತದೆ. ಅದೂ ಅಲ್ಲದೆ ತಿಪ್ಪೆಯ ಮೇಲೆ ಅರ್ಧ ಮುರಿದ ಕೊಂಬು ಆಕಾಶ ತೋರಿಸುತ್ತ ಬಿದ್ದಿತ್ತು. ಒಂದು ಗಳಿಗೆ ಯಾರೂ ಕೈ ಹಾಕಲಿಲ್ಲ. ಆಮೇಲೆ ಪುರಸಭೆಯ ಅಧ್ಯಕ್ಷರು ‘ಸಾರು ಚೆನ್ನಾಗೈತೆ ಮಾಸ್ತರೇ’ ಎಂದರು. ಅಷ್ಟೇ ಬೇಕಾಗಿತ್ತು. ಮಾಂಸ ಮುಟ್ಟದವರು ಆಚೆ ಪಂಕ್ತಿಯಲ್ಲಿ ಬೂಂದಿ ತಿನ್ನುತ್ತ, ವಾಸನೆ ಬಂದೇ ಇಲ್ಲವೆಂದು ತಮ್ಮ ತಮ್ಮ ಮೂಗಿಗೆ ಹೇಳಿಕೊಂಡರು. ನಾನು ಎರಡು ಸಲ ಬಡಿಸಿಕೊಂಡೆ. ಇದನ್ನು ಹೇಳದಿದ್ದರೆ ಹೇಳಿದ್ದೆಲ್ಲ ಸುಳ್ಳಾಗುತ್ತದೆ.

ಮರುದಿನ ಅರಸವ್ವ ಬಂದು ಬೀದಿ ಬೀದಿ ತಿರುಗಿದಳು. ‘ನಮ್ ಸುಬೇದಾರನ್ನ ಕಂಡ್ರೇನ್ರಪ್ಪಾ?’ ಹಿಂದಿನ ವಾರವಷ್ಟೇ ಸುಬೇದಾರ ಕೆಂಗಪ್ಪನನ್ನು ಚರಂಡಿಗೆ ಹಾಯ್ದು ಕೆಡವಿತ್ತು. ಅವನು ನಡುಬೀದಿಯಲ್ಲಿ ಕೆಸರು ಒರೆಸಿಕೊಳ್ಳುತ್ತ ‘ಇದನ್ನ ಸಂತೆಗೆ ಹೊಡ್ಕಂಡೋಗಿ ಮಾರ್ದಿದ್ರೆ ನನ್ ಹೆಸರು ಕೆಂಗಪ್ಪನೇ ಅಲ್ಲ’ ಎಂದು ಕೂಗಿದ್ದನ್ನು ಎಲ್ಲರೂ ಕೇಳಿದ್ದರು. ಅರಸವ್ವ ಪ್ರೆಸ್ಸಿನ ಮುಂದೆ ನಿಂತು, ತಮ್ಮನನ್ನು ಯಾರಾದರೂ ನೋಡಿದಿರಾ ಎಂದು ಕೇಳಿದಳು.

ಸಾಂಬಯ್ಯ ಮಾಸ್ತರು ಕನ್ನಡಕ ಒರೆಸುತ್ತ, ‘ಮೊನ್ನೆ ಬೆಳಿಗ್ಗೆ ಹಗ್ಗ ಹಿಡಕೊಂಡು ಊರಾಚೆ ಹೋಗ್ತಿದ್ದ ನೋಡಮ್ಮ’ ಎಂದರು.

ಅದು ಸುಳ್ಳೂ ಅಲ್ಲ. ಹಗ್ಗ ಹೊಸೆಯುವವನು ಹಗ್ಗ ಹಿಡಿದುಕೊಂಡೇ ಹೋಗುತ್ತಾನೆ. ಬಜಾರದಲ್ಲಿ ನಿಂತವರೆಲ್ಲ ಹೌದೆಂದು ತಲೆಯಾಡಿಸಿದರು, ನಾನೂ ಆಡಿಸಿದೆ. ಸಂಜೆ ಕೆಂಗಪ್ಪ ನಾರು ಸಿಗದೆ ಬರಿಗೈಯಲ್ಲಿ ಬಂದದ್ದು ಇನ್ನೂ ಅನುಕೂಲವಾಯಿತು. ಆಣೆ ಹಾಕಿದ, ಅತ್ತ, ಬೈದ. ಅಕ್ಕ ಅವನ ಚಾಪೆಯನ್ನು ಸುತ್ತಿ ಹೊರಗಿಟ್ಟು ಬಾಗಿಲು ಹಾಕಿಕೊಂಡಳು. ಬಟ್ಟಲು ಬಿಟ್ಟು ಪರೀಕ್ಷೆ ಮಾಡುವ ಹಾಗೂ ಇರಲಿಲ್ಲ. ಒಬ್ಬನೇ ಮಾಡಿದ ತಪ್ಪನ್ನು ಬಟ್ಟಲು ಹಿಡಿಯುವುದಿಲ್ಲವಲ್ಲ. ಅವನು ಬೀದಿಯಾಚೆ ಇದ್ದ ಪಾಳುಬಿದ್ದ ದನದ ಕೊಟ್ಟಿಗೆಗೆ ಹೋಗಿ ಸೇರಿಕೊಂಡ. ಎದುರುಬದುರು ಬಾಗಿಲು. ಏಳು ವರ್ಷ ಅಕ್ಕತಮ್ಮಂದಿರ ನಡುವೆ ಮಾತಿಲ್ಲ.

ಆಮೇಲಿನ ಏಳು ವರ್ಷ ಊರು ಟಗರನ್ನು ನೆನೆಯದೆ ಬದುಕಲು ಕಲಿತ ರೀತಿಯನ್ನು ನೋಡಬೇಕಿತ್ತು. ಒಬ್ಬ ನೆನೆದರೆ ನೂರಾರು ಜನಕ್ಕೆ ಬಿಕ್ಕಳಿಕೆ. ಮೊದಲ ತಿಂಗಳು ಬಜಾರದಲ್ಲಿ ಆಗಾಗ ಒಂದು ಅಲೆಯಂತೆ ಹಾದುಹೋಗುತ್ತಿತ್ತು; ಬಟ್ಟೆ ಅಂಗಡಿಯಿಂದ ಶುರುವಾಗಿ ಬಸ್ ನಿಲ್ದಾಣದವರೆಗೆ ಹಿಕ್, ಹಿಕ್, ಹಿಕ್. ಅರಸವ್ವ ಕೇಳಿದರೆ ‘ಬಜ್ಜಿ ಖಾರ ಕಣವ್ವ’ ಎನ್ನುತ್ತಿದ್ದರು. ಮೆಣಸಿನಕಾಯಿ ಬಜ್ಜಿಯ ಅಂಗಡಿ ಒಂದಿದ್ದದ್ದು ಒಂಬತ್ತಾದದ್ದು ಆ ವರ್ಷವೇ. ಕುರಿ ಮಂದೆಯವರು ಊರೊಳಗೆ ಹಾಯಬಾರದೆಂದು ಪುರಸಭೆ ಠರಾವು ಮಾಡಿತು. ಕಾರಣ ಸಂಚಾರ ದಟ್ಟಣೆ ಎಂದು ಬರೆದರು. ಮಕ್ಕಳಿಗೆ ‘ಟಗರು’ ಎನ್ನುವ ಬದಲು ‘ಕುರಿಯ ಗಂಡ’ ಎಂದು ಹೇಳಿಕೊಟ್ಟರು. ನನಗೆ ಬಂದ ಪಾಲು ದೊಡ್ಡದು. ಮಾಸ್ತರು ಒಂದು ಮಧ್ಯಾಹ್ನ, ಎಂದೋ ಮುಗಿದು ಈಗ ಮರುಮುದ್ರಣಕ್ಕೆ ತೆಗೆದಿದ್ದ ‘ಟ’ದ ಹಾಳೆಯನ್ನು ನನ್ನ ಮುಂದಿಟ್ಟು, ಬೆರಳಿಂದ ಒಂದು ಸಾಲನ್ನು ಮುಚ್ಚಿ, ‘ಇಲ್ಲೊಂದು ಮುದ್ರಣದೋಷ ಇದೆ, ತೆಗಿ’ ಎಂದರು. ಅವರು ಬೆರಳೆತ್ತಿದಾಗ ಅಡಿಯಲ್ಲಿ ‘ಟಗರು’ ಇತ್ತು. ತೆಗೆದೆ. ಟಕ್ಕ ಆದಮೇಲೆ ಸೀದಾ ಟಪಾಲು.

ರದ್ದಿ ಹಾಳೆಗಳು ಹೋಗುತ್ತಿದ್ದದ್ದು ಹೇಮಾಕ್ಷಿಯ ಬಜ್ಜಿ ಬಂಡಿಗೆ. ಒಂಬತ್ತು ಅಂಗಡಿಗಳಲ್ಲಿ ಅವಳದೇ ಹೆಚ್ಚು ಖಾರ. ಹಾಳೆ ತಲುಪಿಸುವ ನೆಪದಲ್ಲಿ ದಿನಾ ಹೋಗುತ್ತಿದ್ದೆ. ಅವಳು ಸುತ್ತುವ ಮುಂಚೆ ಪ್ರತಿ ಹಾಳೆಯನ್ನೂ ಓದುತ್ತಿದ್ದಳು. ‘ರೀ ಪ್ರೂಫು, ನಿಮ್ ಪಂಜರದಾಗೆ ದೀರ್ಘ ಬಿದ್ದೈತೆ, ಗಿಳಿ ಹಾರೋಗುತ್ತೆ’ ಎನ್ನುತ್ತಿದ್ದಳು. ಇಂಥ ಹುಡುಗಿಯ ಮೇಲೆ ಪ್ರೂಫ್ ತಿದ್ದುವವನಿಗೆ ಮನಸ್ಸಾಗದೆ ಇನ್ನೇನಾಗುತ್ತದೆ? ಒಂದು ಸಂಜೆ ಅವಳ ಕೈಗೆ ‘ಟ’ದ ಹಾಳೆ ಸಿಕ್ಕಿತು. ಅದನ್ನು ನೋಡಿದಳು, ನನ್ನನ್ನು ನೋಡಿದಳು. ‘ಟಕ್ಕ ಆದ್ಮೇಲೆ ಸೀದಾ ಟಪಾಲಾ?’ ಎಂದಳು. ನನಗೆ ಬಿಕ್ಕಳಿಕೆ ಬಂತು. ಅವಳು ಇನ್ನೊಂದು ಬಜ್ಜಿ ಹಾಕಿ ಕೊಟ್ಟಳು. ಬಾಯಲ್ಲಿದ್ದ ಬಜ್ಜಿಯ ಖಾರಕ್ಕೆ ಬಂತೆಂದು ನಾನು ನಂಬಿಕೊಂಡೆ. ಅರಸವ್ವನನ್ನು ನಂಬಿಸಿ ನಂಬಿಸಿ ನಮಗೂ ನಂಬುವುದು ರೂಢಿಯಾಗಿತ್ತು.

ಮದುವೆಯ ಮಾತೆತ್ತಿದಾಗ ಅರಸವ್ವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ‘ಹುಡುಗ ಏನೋ ಸಾಧು ಇದ್ದಂಗ್ ಕಾಣ್ತಾನೆ’ ಎಂದಳು. ‘ಬಟ್ಟಲು ಏನನ್ನುತ್ತೋ ನೋಡುಮ. ನನ್ ಮೊಮ್ಮಗಳ ಶಾಸ್ತ್ರ, ಊರಾಗೆ ಒಂದು ನಾಯಿನೂ ತಪ್ಪಿಸ್ಕಬಾರ್ದು.’

ಅಂದಿನಿಂದ ಹತ್ತು ದಿನ ನನಗೆ ಸಿಕ್ಕ ಮರ್ಯಾದೆ ನಮ್ಮ ಎಂ.ಎಲ್.ಎ.ಗೂ ಸಿಕ್ಕಿರಲಿಕ್ಕಿಲ್ಲ. ನಾನು ಮಣೆಯ ಮೇಲೆ ಕೂತು ಟಗರನ್ನು ನೆನೆದರೆ ಊರಿಗೆ ಊರೇ ಸಿಕ್ಕಿಬೀಳುತ್ತಿತ್ತು. ನಾನು ಹೇಮಾಕ್ಷಿಯನ್ನು ಕಳೆದುಕೊಳ್ಳುತ್ತಿದ್ದೆ. ಊರಿಗೂ ನನಗೂ ಬೇಕಾದದ್ದು ಒಂದೇ ಆಗಿತ್ತು. ಅಧ್ಯಕ್ಷರು ಮನೆಗೇ ಬಂದು, ಯೋಚಿಸದೆ ಕೂರುವುದು ಹೇಗೆಂದು ತಾವೇ ಕೂತು ತೋರಿಸಿದರು. ‘ನೋಡು, ದವಡೆ ಸಡ್ಲ ಬಿಡು. ಕಣ್ಣು ಫ್ಯಾನಿನ ಮೇಲಿರ್ಲಿ. ಬಜೆಟ್ ಓದ್ತಾವ್ರೆ ಅನ್ಕೋ.’ ಪೂಜಾರಪ್ಪ ಒಂದು ಮಂತ್ರ ಹೇಳಿಕೊಟ್ಟ. ಅದರ ಎರಡನೇ ಸಾಲಿನಲ್ಲೇ ಮೇಷರಾಶಿ ಬಂದು ಇಬ್ಬರೂ ಬಿಕ್ಕಳಿಸಿದೆವು. ಕೊನೆಗೆ ಮಾಸ್ತರೇ ದಾರಿ ಹುಡುಕಿದರು. ‘ಹದಿಮೂರರ ಮಗ್ಗಿ ಹೇಳಿಕೊ. ಅದು ಬರೋನಿಗೆ ಬೇರೆ ಏನನ್ನೂ ಯೋಚಿಸೋಕೆ ಆಗಲ್ಲ. ನಡುವೆ ಒಂದೆರಡು ಸಣ್ಣ ತಪ್ಪು ನೆನೆ, ಅನುಮಾನ ಬರಬಾರದು. ಶಾಲೆಯಲ್ಲಿ ಯಾರ ಜೊತೆಗಾದರೂ ಏನಾದರೂ ಕದ್ದಿದ್ದೀಯಾ?’

‘ಇಲ್ಲ ಸಾರ್.’

‘ಛೆ. ಈಗಲಾದರೂ ಕದಿ.’

ಹಾಗಾಗಿ ಶಾಸ್ತ್ರದ ಹಿಂದಿನ ದಿನ ನಾನೂ ಅಧ್ಯಕ್ಷರ ಅಳಿಯನೂ ಸೇರಿ ಯಾರದೋ ಹಿತ್ತಲಿಂದ ಎರಡು ಪರಂಗಿಕಾಯಿ ಕದ್ದೆವು.

ಶಾಸ್ತ್ರದ ದಿನ ಅರಸವ್ವನ ಅಂಗಳದಲ್ಲಿ ಹೆಜ್ಜೆ ಇಡಲು ಜಾಗವಿರಲಿಲ್ಲ. ಎಲ್ಲರ ಬಾಯಲ್ಲೂ ಮುನ್ನೆಚ್ಚರಿಕೆಗೆ ಒಂದೊಂದು ಹಸಿಮೆಣಸಿನಕಾಯಿ. ಅರಸವ್ವ ಬಟ್ಟಲು ತೇಲಿಬಿಟ್ಟಳು. ನಾನು ಕಣ್ಣು ಮುಚ್ಚಿದೆ. ಹದಿಮೂರೊಂದಲೆ ಹದಿಮೂರು. ಹದಿಮೂರೆರಡಲೆ ಇಪ್ಪತ್ತಾರು. ಪರಂಗಿಕಾಯಿಯನ್ನು ನೆನೆದೆ, ಅಧ್ಯಕ್ಷರ ಅಳಿಯ ಜೋರಾಗಿ, ನಾಟಕದವನಂತೆ ಬಿಕ್ಕಿದ. ಎದ್ದು ನಿಂತು ಇಬ್ಬರೂ ತಪ್ಪೊಪ್ಪಿಕೊಂಡೆವು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಕ್ಕರು. ಹೇಮಾಕ್ಷಿ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದಳು. ನಾನು ಮತ್ತೆ ಕೂತೆ. ಹದಿಮೂರೇಳಲೆ ತೊಂಬತ್ತೊಂದು. ಕಣ್ಣು ಒಂದಿಷ್ಟು ತೆರೆದು ನೋಡಿದರೆ ಬಟ್ಟಲಿನ ಅಂಚು ನೀರಿಂದ ಬೆರಳಗಲ ಮಾತ್ರ ಮೇಲಿತ್ತು. ಗೆದ್ದೆ ಅಂದುಕೊಂಡೆ. ಊರೂ ಹಾಗೇ ಅಂದುಕೊಂಡಿತೆಂದು ಕಾಣುತ್ತದೆ. ಅಂಗಳದ ತುಂಬ ಉಸಿರು ಬಿಟ್ಟ ಸದ್ದು ಕೇಳಿತು.

‘ಅಯ್ಯೋ, ಮಗ ಎಷ್ಟು ಬೆವೆತೈತೆ ನೋಡ್ರವ್ವ,’ ಎಂದಳು ಅರಸವ್ವ. ‘ಒಂದ್ ಗುಟುಕು ನೀರು ಕುಡಿಯಪ್ಪಾ.’ ಕೊಪ್ಪರಿಗೆಯ ನೀರು ಮುಟ್ಟುವ ಹಾಗಿರಲಿಲ್ಲ. ಅವಳು ಜಗಲಿಯ ಮೂಲೆಗೆ ಹೋಗಿ, ಅಲ್ಲಿದ್ದ ಬಕೆಟ್ಟಿನಿಂದ ಚೊಂಬಿನಲ್ಲಿ ಮೊಗೆದು ತಂದಳು. ‘ಕುಡಿ, ಬೆಳಿಗ್ಗೆ ತುಂಬ್ಸಿದ್ದೇ. ನಮ್ ಸುಬೇದಾರ ಬಂದ್ರೆ ಇರ್ಲಿ ಅಂತ ದಿನಾ ತುಂಬ್ಸಿ ಇಡ್ತೀನಿ. ಬಾಯಾರ್ಕೊಂಡ್ ಬರುತ್ತಲ್ಲ, ಎಲ್ಲಿಂದ ಬಂದ್ರೂ.’

ಚೊಂಬು ಕೈಯಲ್ಲಿತ್ತು. ಬಕೆಟ್ಟಿನ ಅಂಚು ಒಂದು ಕಡೆ ಒಳಗೆ ತಗ್ಗಿತ್ತು, ಮುರಿದ ಕೊಂಬು ತಾಕಿ ತಾಕಿ ಆದ ತಗ್ಗು. ಅದರಾಚೆ, ಬೀದಿಯಾಚೆ, ಕೊಟ್ಟಿಗೆಯ ಬಾಗಿಲಲ್ಲಿ ಕೆಂಗಪ್ಪ ಕೂತು ತೊಡೆಯ ಮೇಲೆ ನಾರು ಹೊಸೆಯುತ್ತಿದ್ದ. ಊರಲ್ಲಿ ಕರೆಯದೆ ಬಿಟ್ಟದ್ದು ಅವನೊಬ್ಬನನ್ನೇ. ನಾನು ಎದೆಗಾರಿಕೆಯಿಂದ ನಿರ್ಧಾರ ಮಾಡಿದೆ ಎಂದು ಹೇಳಿಕೊಳ್ಳಲು ಆಸೆ. ಅಷ್ಟೆಲ್ಲ ಇಲ್ಲ. ಹದಿಮೂರೆಂಟಲೆ ಎಷ್ಟೆಂದು ಗೊತ್ತಿತ್ತು, ಹೇಳಿಕೊಳ್ಳಬಹುದಿತ್ತು. ಹೇಳಿಕೊಳ್ಳಲಿಲ್ಲ.

ಸುಬೇದಾರನನ್ನು ನೆನೆದೆ. ಹಗ್ಗ ಹಾಕುವಾಗ ಅದು ಕಡಲೆ ಇದೆಯೇನೋ ಎಂದು ನನ್ನ ಅಂಗೈ ಮೂಸಿದ್ದನ್ನು ನೆನೆದೆ.

ಮೊದಲು ಮಾಸ್ತರು. ಆಮೇಲೆ ಅಧ್ಯಕ್ಷರು, ಪೂಜಾರಪ್ಪ, ಬೂಂದಿ ತಿಂದವರು, ಕಂಡಕ್ಟರು, ಪೋಸ್ಟ್‌ಮನ್, ಇಬ್ಬರು ಪೊಲೀಸರು. ಬಾಯಲ್ಲಿದ್ದ ಮೆಣಸಿನಕಾಯಿಗಳು ಅಂಗಳದ ತುಂಬ ಉದುರಿದವು. ನೂರಾರು ಜನ ಒಟ್ಟಿಗೆ ಬಿಕ್ಕಿದ ಸದ್ದನ್ನು ನೀವು ಕೇಳಿರಲಿಕ್ಕಿಲ್ಲ. ಕಪ್ಪೆ ತುಂಬಿದ ಕೆರೆಯ ಹಾಗಿರುತ್ತದೆ, ಆದರೆ ಕಪ್ಪೆಗಳಿಗೆ ನಾಚಿಕೆ ಇರುವುದಿಲ್ಲ. ಬಿಕ್ಕಿದವರೆಲ್ಲ ಅದನ್ನೇ ನೆನೆದದ್ದರಿಂದ ನನಗೂ ಬಂತು. ನಾನು ತಿರುಗಿ ನೋಡಿದ್ದು ಹೇಮಾಕ್ಷಿಯನ್ನು, ಕೈತಪ್ಪಿ ಹೋಗುವ ಮುಂಚೆ ಒಮ್ಮೆ ನೋಡಿಬಿಡೋಣ ಎಂದು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಭುಜ ಕುಣಿಯುತ್ತಿತ್ತು. ಅಳುತ್ತಿದ್ದಾಳೆ ಅಂದುಕೊಂಡೆ. ಹಿಕ್ ಎಂದಳು.

ಅರಸವ್ವ ಮೊಮ್ಮಗಳನ್ನೇ ನೋಡಿದಳು. ‘ನೀನೂ ಏನೇ?’

ಹೇಮಾಕ್ಷಿ ಒಳಗೆ ಹೋಗಿ ಕಡಲೆಹಿಟ್ಟಿನ ಡಬ್ಬ ತಂದು, ಅದರ ತಳಕ್ಕೆ ಕೈ ಹಾಕಿ ಹಿಟ್ಟು ಮೆತ್ತಿದ ಹಿತ್ತಾಳೆಯ ಗಂಟೆ ತೆಗೆದಳು. ‘ಅವತ್ತು ಪ್ರೆಸ್ಸಿನ ಹಿತ್ಲಾಗೆ ಸಿಕ್ಕಿತ್ತಜ್ಜಿ. ಉಂಡು ಕೈ ತೊಳಿಯಾಕ್ ಹೋದಾಗ. ಹಿಕ್. ಮಾರ್ನೆ ದಿನ ನೀನು ಬಂದು ಅಳ್ತಿದ್ದೆ. ಆಮ್ಯಾಕೆ ಹೇಳಾಕ್ ಆಗ್ಲಿಲ್ಲ.’

ಶಾಸ್ತ್ರದ ಪ್ರಕಾರ ಗಂಡು ಎದ್ದು ಹೇಳಬೇಕು. ಎದ್ದೆ. ಕಿಟಕಿ, ಹಾಳೆ, ಹಗ್ಗ, ಊಟ, ಎರಡು ಸಲ ಬಡಿಸಿಕೊಂಡದ್ದು, ತಲೆಯಾಡಿಸಿದ್ದು, ‘ಟ’ದ ಸಾಲು, ಎಲ್ಲವನ್ನೂ ಬಿಕ್ಕಳಿಕೆಯ ನಡುವೆ ತುಂಡು ತುಂಡಾಗಿ ಹೇಳಿದೆ. ಯಾರೂ ಅಡ್ಡ ಬರಲಿಲ್ಲ. ಅಡ್ಡ ಬರಲು ಬಾಯಿ ಬಿಡುವಿರಬೇಕಲ್ಲ. ಬಟ್ಟಲು ಯಾವಾಗಲೋ ಮುಳುಗಿತ್ತು. ಅರಸವ್ವ ಗಂಟೆಯ ಹಿಟ್ಟು ಒರೆಸುತ್ತ ಅಂಗಳವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದಳು, ಮದುವೆಮನೆಯಲ್ಲಿ ಬೀಗರನ್ನು ಎಣಿಸುವವಳ ಹಾಗೆ.

‘ಗಂಡಿನ ಕಡೆಯೋರ್ಗೆ ಎಲ್ಲಿ ಚಾಪೆ ಹಾಸ್ಲಿ, ಹೆಣ್ಣಿನ ಕಡೆಯೋರ್ಗೆ ಎಲ್ಲಿ ಹಾಸ್ಲಿ ಅಂತ ಬೆಳಿಗ್ಗೆಯಿಂದ ಒದ್ದಾಡ್ತಿದ್ನಲ್ಲಪ್ಪಾ,’ ಎಂದಳು. ‘ಒಂದೇ ಚಾಪೆ ಸಾಕಾಗಿತ್ತು. ಎಲ್ಲಾ ಒಂದೇ ಕಡೆಯೋರು. ರಕ್ತದ ನಂಟಲ್ಲ, ಕೊಟ್ಟು ತಂದ ನಂಟಲ್ಲ. ಇದು ಬಿಕ್ಕುನಂಟು.’

ಆ ಮಾತು ಹುಟ್ಟಿದ್ದು ಹೀಗೆ. ಬಿಕ್ಕುವವರಿಗೆ ಯಾರಿಗೂ ಅದು ಹೊಳೆದಿರಲಿಲ್ಲ, ಹೊಳೆಯುವುದೂ ಇಲ್ಲ. ಹೆಸರಿಡಲು ಬಿಕ್ಕದವರೊಬ್ಬರು ಬೇಕು.

ಆಗ ಅರಸವ್ವ ಬೀದಿಯ ಕಡೆ ತಿರುಗಿದಳು. ಅಷ್ಟು ಜನರ ಹಿಕ್ ಹಿಕ್‌ನಲ್ಲಿ ಸುಮ್ಮನಿದ್ದದ್ದು ಎರಡೇ ಗಂಟಲು. ಕೆಂಗಪ್ಪ ನಾರು ಬಿಟ್ಟು ಎದ್ದು ನಿಂತಿದ್ದ. ಇಬ್ಬರೂ ಊರ ತಲೆಗಳ ಮೇಲಿಂದ ಒಬ್ಬರನ್ನೊಬ್ಬರು ಎಷ್ಟೋ ಹೊತ್ತು ನೋಡಿದರು. ನಾನಾಗಿದ್ದರೆ ಕಾಲಿಗೆ ಬೀಳುತ್ತಿದ್ದೆ, ಅಥವಾ ಅಂಥದ್ದೇನಾದರೂ ಮಾಡಿ ಕೆಡಿಸುತ್ತಿದ್ದೆ.

‘ಬಿಸ್ಲಾಗೆ ಯಾಕ್ಲಾ ನಿಂತಿದೀಯ,’ ಎಂದಳು ಅರಸವ್ವ.

‘ಏಳ್ ವರ್ಷದಿಂದ ಇಲ್ಲೇ ನಿಂತಿವ್ನಿ, ಈಗ ಕಾಣ್ತಾ ನಿಂಗೆ?’

‘ಬಾಯ್ ಮಾಡ್ಬೇಡ. ಬಾ, ನೀರ್ ಕುಡಿ.’

ಅವನು ಜನರ ನಡುವೆ ದಾರಿ ಮಾಡಿಕೊಂಡು ಬಂದು, ನನ್ನ ಕೈಯಿಂದ ಚೊಂಬು ಕಿತ್ತುಕೊಂಡು, ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಮೊಗೆದು ಮೊಗೆದು ಕುಡಿದ. ಅರಸವ್ವ ಅವನ ಬೆನ್ನ ಮೇಲೆ ಕೈಯಿಟ್ಟಿದ್ದಳು. ಆಮೇಲೆ ನಮ್ಮಿಬ್ಬರ ಕಡೆ ತಿರುಗದೆಯೇ ಹೇಳಿದಳು: ‘ಮದ್ವೆ ಮಾಡ್ಕಳ್ಳಿ. ನಿಮ್ಗೆ ನೀವೇ ಸರಿ. ಊಟಕ್ಕೆ ಮಾತ್ರ ನಮ್ಮಿಬ್ರುನ್ನ ಕರೀಬೇಡ್ರಿ. ನೀವು ಬಡ್ಸೋದು ಯಾರ ಮನೇದೋ ಏನೋ.’

ಮದುವೆಯಾಯಿತು. ಊಟಕ್ಕೆ ಅವರಿಬ್ಬರೂ ಬರಲಿಲ್ಲ. ‘ಟಗರು’ ಟಕ್ಕನಿಗೂ ಟಪಾಲಿಗೂ ನಡುವೆ ವಾಪಸಾಯಿತು. ಹೇಮಾಕ್ಷಿ ಆ ಹಾಳೆಯನ್ನು ಅಜ್ಜಿಗೆ ಮೂರು ಸಲ ಓದಿ ಹೇಳಿದಳು. ಅರಸವ್ವ ಮತ್ತೆ ಬಟ್ಟಲು ಮುಟ್ಟಲಿಲ್ಲ. ಅದರ ಬದಲು ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಜಗಲಿಯ ಮೇಲೆ ಕೂತು ಸುಬೇದಾರನ ಗಂಟೆಯನ್ನು ಒಮ್ಮೆ ಆಡಿಸುತ್ತಿದ್ದಳು. ಕೇಳಿದವರಿಗೆಲ್ಲ ನೆನಪಾಗುತ್ತಿತ್ತು, ಊರು ಒಂದು ಗಳಿಗೆ ಬಿಕ್ಕುತ್ತಿತ್ತು. ಬ್ಯಾಂಕಿನವರು ಅದಕ್ಕೆ ಗಡಿಯಾರ ಸರಿಮಾಡಿಕೊಳ್ಳತೊಡಗಿದರು. ಆಮೇಲೆ ಹುಟ್ಟಿದ ಮಕ್ಕಳು ‘ನೀವ್ಯಾಕೆ ಹಿಂಗ್ ಮಾಡ್ತೀರಾ?’ ಎಂದು ಕೇಳಿದರೆ ದೊಡ್ಡವರು ಕೂತು ಹೇಳಲೇಬೇಕು. ಬಜ್ಜಿ ಅಂಗಡಿಗಳಲ್ಲಿ ಎಂಟು ಮುಚ್ಚಿದವು. ಹೇಮಾಕ್ಷಿಯದು ಉಳಿಯಿತು, ಅದು ನಿಜಕ್ಕೂ ಚೆನ್ನಾಗಿರುತ್ತಿತ್ತು. ಐದು ವರ್ಷದ ಹಿಂದೆ ಅರಸವ್ವ ತೀರಿಕೊಂಡಳು. ಈಗ ಗಂಟೆ ಆಡಿಸುವವನು ಕೆಂಗಪ್ಪ. ಅವನು ಎರಡು ಸಲ ಆಡಿಸುತ್ತಾನೆ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅವಳು ಹೋದ ಮರುವರ್ಷ ನಿಘಂಟಿನ ‘ಬ’ ಮುಗಿಯಿತು. ‘ಬಿಕ್ಕುನಂಟು’ ಎಂಬ ಮಾತಿಗೆ ಮಾಸ್ತರು ಒಳ್ಳೆಯ ಅರ್ಥವನ್ನೇ ಬರೆದಿದ್ದರು: ‘ಕೂಡಿ ಮಾಡಿದ ತಪ್ಪಿನಿಂದ ಹುಟ್ಟಿದ, ಹರಿಯಲು ಬಾರದ ಸಂಬಂಧ.’ ಅದರ ಕೆಳಗೆ ‘ಮೂಲ ತಿಳಿಯದು’ ಎಂದಿತ್ತು. ನಾನು ತಲೆಯೆತ್ತಿ ನೋಡಿದೆ. ಮಾಸ್ತರು ಕನ್ನಡಕ ಒರೆಸುತ್ತಿದ್ದರು. ‘ಹೊರಗಿನವರೂ ಓದೋ ಪುಸ್ತಕ ಕಣಯ್ಯ,’ ಎಂದರು. ‘ಅಜ್ಜಿಯೂ ಇಲ್ಲ. ಸುಮ್ಮನೆ ಯಾಕೆ?’ ನಾನು ಅಂಚಿನಲ್ಲಿ ‘ಸರಿಯಿದೆ’ ಎಂದು ಗುರುತು ಹಾಕಿದೆ. ಪಂಡಿತರು ಬರತೊಡಗಿದ್ದು ಆಮೇಲೆಯೇ.

ಹೇಮಾಕ್ಷಿ ಆ ಹಾಳೆಯನ್ನೂ ಬಜ್ಜಿ ಸುತ್ತುವ ಮುಂಚೆ ಓದಿದಳು. ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದರಿಂದ ಅವಳೂ ಇದರಲ್ಲಿ ಸೇರಿದಳು. ನಾಲ್ಕು ವರ್ಷದಿಂದ ನಾನು ಪ್ರೆಸ್ಸಿನಲ್ಲಿ ಕೂತಿದ್ದಾಗ ಹೊತ್ತಲ್ಲದ ಹೊತ್ತಿನಲ್ಲಿ ಹಿಕ್ ಎನ್ನುತ್ತೇನೆ, ಅವಳು ಎಣ್ಣೆ ಬಾಣಲೆಯ ಮುಂದೆ ನಿಂತು ನೆನೆದಳೆಂದು ತಿಳಿಯುತ್ತದೆ. ಬೇರೆ ಊರುಗಳಲ್ಲಿ ಬಿಕ್ಕಳಿಕೆ ಬಂದರೆ ಪ್ರೀತಿಯವರು ನೆನೆಸಿಕೊಂಡರು ಎನ್ನುತ್ತಾರಂತೆ. ನಮ್ಮಲ್ಲೂ ಹೆಚ್ಚುಕಡಿಮೆ ಅಷ್ಟೇ. ಹೋದ ವಾರ ಇನ್ನೊಬ್ಬ ಪಂಡಿತರು ಬಂದು ಬಜ್ಜಿ ತಿಂದು ಶಾಸನ ಹುಡುಕಿಕೊಂಡು ಹಳ್ಳಕ್ಕೆ ಹೋದ ಮೇಲೆ, ಅವಳು ಒಂದು ಕಟ್ಟು ರದ್ದಿ ಹಾಳೆಯನ್ನು ನನ್ನ ಮುಂದೆ ಬಿಸಾಕಿ, ‘ಬರೀತೀರೋ, ಇಲ್ಲಾ ನಾನು ದಿನಪೂರ್ತಿ ನೆನೀತಾ ಕೂರ್ಲೋ?’ ಎಂದಳು.

ಅದಕ್ಕೇ ಬರೆಯುತ್ತಿದ್ದೇನೆ. ಬರೆಯಬೇಕಾದರೆ ನೆನೆಯಲೇಬೇಕು. ಬೆಳಿಗ್ಗೆ ಶುರುಮಾಡಿದೆ, ಆಗಿನಿಂದ ಹೊರಗೆ ಊರು ಬಿಕ್ಕುತ್ತಿದೆ, ಒಳಗಿನ ಕೋಣೆಯಲ್ಲಿ ಸಾಂಬಯ್ಯ ಮಾಸ್ತರು ಬಿಕ್ಕುತ್ತಿದ್ದಾರೆ. ಎರಡು ಸಲ ನೀರು ಕೇಳಿದರು, ಕೊಟ್ಟೆ. ನೀರಿಗೆ ಅದು ನಿಲ್ಲುವುದಿಲ್ಲವೆಂದು ಅವರಿಗೂ ಗೊತ್ತು. ‘ಮುಗೀತೇನಯ್ಯಾ?’ ಎಂದು ಈಗಷ್ಟೇ ಕೇಳಿದರು. ಇಲ್ಲ ಸಾರ್ ಎಂದೆ. ಪ್ರೂಫ್ ಒಂದು ಸಲ ನೋಡಬೇಕು.